ಜಿನೀವಾದ ಸಭೆಯಲ್ಲಿ ಪಡ್ರೆಯ ಪರ ಮಾತಾಡಿದವರು ಯಾರು?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವಳು, ಡಿಗ್ರಿ ಕೊನೆಯ ವರ್ಷ. ಮುಂದಿನ ಪೀಳಿಗೆಗಳ ಬಗ್ಗೆ ವಿಶ್ವಸಂಸ್ಥೆ 2024ರಲ್ಲಿ ಒಂದು ಘೋಷಣೆ ಹೊರಡಿಸಿದೆ ಎಂದು ಕ್ಲಾಸಿನಲ್ಲಿ ಹೇಳಿದರು. ಯಾರೂ ಕೇಳಿಸಿಕೊಳ್ಳದ ಜನರನ್ನೂ, ಇನ್ನೂ ಹುಟ್ಟದವರನ್ನೂ ಜಗತ್ತಿನ ನಿರ್ಧಾರಗಳಲ್ಲಿ ಸೇರಿಸಿಕೊಳ್ಳಬೇಕಂತೆ. ನನ್ನ ಅಮ್ಮ ಒಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟು ವರ್ಷವಾಯಿತು, ಉತ್ತರ ಇಲ್ಲ. ಇದ್ದವರ ಮಾತೇ ಕೇಳದವರು ಹುಟ್ಟದವರ ಮಾತು ಕೇಳುತ್ತಾರಾ? ಇದೆಲ್ಲ ಸುಮ್ನೆ ಭಾಷಣವಾ, ನಿಜವಾಗಿ ಏನಾದರೂ ಆಗುತ್ತದಾ?

ಉತ್ತರ: ಅರ್ಧ ಭಾಷಣ, ಅರ್ಧ ನಿಜ. ನಿಜದ ಅರ್ಧ ಹೇಗಿರುತ್ತದೆ ಅಂತ ನೋಡಲು ನೀವು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ. ನಿಮ್ಮ ಪಕ್ಕದ ಪಡ್ರೆಗೆ ಹೋದರೆ ಸಾಕು.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಕತೆ ನಿಮಗೆ ಗೊತ್ತೇ ಇರುತ್ತದೆ. ಆದರೂ ಈ ಪ್ರಶ್ನೆ ಮುಂದಿಟ್ಟುಕೊಂಡು ಅದನ್ನು ಇನ್ನೊಮ್ಮೆ ನೋಡೋಣ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ ಕಾಸರಗೋಡಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಈ ಮದ್ದು ಬಿಡಿಸಿತು. ಗೇರಿನ ಚಿಗುರು ಹೂವುಗಳ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲಿಕ್ಕೆ. ನಮ್ಮ ಕಡೆ ಗುಡ್ಡದ ನೆತ್ತಿಯಲ್ಲಿ ಗೇರು ತೋಟ. ಅದರ ಕೆಳಗಿನ ತಗ್ಗಿನಲ್ಲಿ ಮನೆ, ಅಡಿಕೆ ತೋಟ, ನೀರಿಗಾಗಿ ಗುಡ್ಡದೊಳಗೆ ಕೊರೆದ ಸುರಂಗ, ತೋಡು ಅಂದರೆ ಸಣ್ಣ ಹಳ್ಳ. ಮೇಲೆ ಬಿಟ್ಟದ್ದೆಲ್ಲ ಮಳೆಗೆ ಕೆಳಗೇ ಇಳಿಯಬೇಕು. ಮದ್ದು ಬಿಡುವಾಗ ನೀರಿನ ಮೂಲಗಳನ್ನು ಮುಚ್ಚಬೇಕು ಎಂಬ ನಿಯಮ ಇತ್ತು. ಬಾವಿಗಾದರೆ ಮಡಲು ಹೊದೆಸಬಹುದು. ತೋಡನ್ನು ಮುಚ್ಚುವುದು ಹೇಗೆ ಮಾರಾಯ್ರೆ? ಆ ನಿಯಮ ಬರೆದವರು ಗುಡ್ಡದ ಊರಿನ ಒಬ್ಬರನ್ನೂ ಕೇಳಿರಲಿಕ್ಕಿಲ್ಲ.

ಮೊದಲು ಬರೆದವರು ಪತ್ರಕರ್ತ ಶ್ರೀ ಪಡ್ರೆ, 1980ರ ದಶಕದ ಆರಂಭದಲ್ಲೇ. ಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ಬರೆದರು. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಪಡ್ರೆಯ ವಾಣಿನಗರದಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ಅವರಿಗೆ ಒಂದೇ ತೋಡಿನ ಆಚೀಚೆ ಇದ್ದ ಮನೆಗಳಲ್ಲಿ ಕಾಯಿಲೆ ಜಾಸ್ತಿ ಕಾಣತೊಡಗಿತು. ಬುದ್ಧಿ ಬೆಳೆಯದ ಮಕ್ಕಳು, ಮೂರ್ಛೆರೋಗ, ಹುಟ್ಟುವಾಗಲೇ ಬಂದ ಊನ. ಜಿಲ್ಲೆಯ ದಕ್ಷಿಣದಲ್ಲಿ, ಪೆರಿಯದ ಕಡೆ, ಕೃಷಿ ಇಲಾಖೆಯಲ್ಲೇ ಕೆಲಸಕ್ಕಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಹೆಲಿಕಾಪ್ಟರ್ ನಿಂತದ್ದು ಆಮೇಲೆ.

ಬರೆದವರು, ಕಾಯಿಲೆಯನ್ನು ಗುರುತಿಸಿ ಲೆಕ್ಕ ಇಟ್ಟವರು, ಕೋರ್ಟಿಗೆ ಹೋದವರು ಇವರು. ಇವರಲ್ಲಿ ಯಾರನ್ನೂ ಯಾವ ಸಭೆಯೂ ಕರೆದು ಕೂರಿಸಿ "ನಿಮ್ಮ ಅಭಿಪ್ರಾಯ ಹೇಳಿ" ಎಂದಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಇನ್ನೊಂದು ದಿಕ್ಕಿನಿಂದ ಬರೋಣ. ಉತ್ತರ ಧ್ರುವದ ಹತ್ತಿರ ಇನುಯಿಟ್ ಎಂಬ ಜನ ಇದ್ದಾರೆ. ಅವರದು ಹಿಮದ ನೆಲ, ಹೊಲಕ್ಕೆ ಮದ್ದು ಬಿಡುವ ಮಾತೇ ಇಲ್ಲ. ಆದರೆ ಕೆಲವು ವಿಷಗಳು ಬಿಸಿ ನಾಡುಗಳಲ್ಲಿ ಆವಿಯಾಗಿ, ಗಾಳಿಯಲ್ಲಿ ಸಾವಿರಾರು ಮೈಲಿ ಹೋಗಿ, ಆ ಚಳಿಗೆ ಕೆಳಗಿಳಿಯುತ್ತವೆ. ಮೀನಿಗೆ, ಸೀಲಿಗೆ, ತಿಮಿಂಗಿಲದ ಕೊಬ್ಬಿಗೆ ಸೇರುತ್ತವೆ. ಅದನ್ನೇ ತಿಂದು ಬದುಕುವ ತಾಯಂದಿರ ಎದೆಹಾಲಿನಲ್ಲಿ ಆ ವಿಷ ಸಿಕ್ಕಿತು. ಇಂಥ ರಾಸಾಯನಿಕಗಳನ್ನು ತಡೆಯುವ ಒಪ್ಪಂದದ ಮಾತುಕತೆ 1999ರಲ್ಲಿ ನೈರೋಬಿಯಲ್ಲಿ ನಡೆಯುತ್ತಿದ್ದಾಗ ಇನುಯಿಟ್ ನಾಯಕಿ ಶೀಲಾ ವಾಟ್-ಕ್ಲೂಟಿಯೇ ತಾಯಿ-ಮಗುವಿನ ಒಂದು ಕೆತ್ತನೆಯನ್ನು ತಂದು ವಿಶ್ವಸಂಸ್ಥೆಯ ಪರಿಸರ ವಿಭಾಗದ ಮುಖ್ಯಸ್ಥರಿಗೆ ಕೊಟ್ಟರು. ಮುಂದಿನ ಸಭೆಗಳಲ್ಲಿ ಅದು ಅಧ್ಯಕ್ಷರ ಮೇಜಿನ ಮೇಲೆ ಇರುತ್ತಿತ್ತು.

ಕೆತ್ತನೆಯಿಂದ ಏನಾಗುತ್ತದೆ ಅಂತ ಕೇಳಬಹುದು. 2001ರಲ್ಲಿ ಆದ ಆ ಸ್ಟಾಕ್‌ಹೋಮ್ ಒಪ್ಪಂದದ ಪೀಠಿಕೆ ಓದಿ. ಆರ್ಕ್ಟಿಕ್‌ನ ಮೂಲನಿವಾಸಿಗಳಿಗೆ ಅಪಾಯ ಹೆಚ್ಚು ಎಂದು ಅಲ್ಲಿದೆ. ಈ ವಿಷಗಳು ಹೆಂಗಸರ ಮೇಲೆ, ಅವರ ಮೂಲಕ ಮುಂದಿನ ಪೀಳಿಗೆಗಳ ಮೇಲೆ ಪರಿಣಾಮ ಮಾಡುತ್ತವೆ ಎಂದೂ ಇದೆ. ಹುಟ್ಟದವರು ಆ ಕಾಗದದೊಳಗೆ ಬಂದದ್ದು ತಾಯಿಯ ಮೈಯ ಮೂಲಕ. ಪಡ್ರೆಯ ಯಾವ ಅಮ್ಮನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಂಡೋಸಲ್ಫಾನ್‌ನ ಸರದಿ ಬಂದದ್ದು 2007ರಲ್ಲಿ. ಅದನ್ನೂ ಈ ಒಪ್ಪಂದದ ಪಟ್ಟಿಗೆ ಸೇರಿಸಬೇಕು ಎಂದು ಐರೋಪ್ಯ ಒಕ್ಕೂಟ ಪ್ರಸ್ತಾಪ ಇಟ್ಟಿತು. ಭಾರತ ವಿರೋಧಿಸಿತು. ಆಗ ಜಗತ್ತಿನಲ್ಲಿ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದ ದೇಶ ನಮ್ಮದೇ. 2011ರ ಏಪ್ರಿಲ್ 25ರಂದು ಜಿನೀವಾದಲ್ಲಿ ಕೊನೆಯ ತೀರ್ಮಾನದ ಸಭೆ ಶುರುವಾಯಿತು. ಅದೇ ದಿನ ತಿರುವನಂತಪುರದಲ್ಲಿ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ನಿಷೇಧ ಬೇಕೆಂದು ಉಪವಾಸ ಕೂತರು. ಒಂದೇ ದೇಶ ನೋಡಿ. ನಮ್ಮ ನೀರು ಕುಡಿದವರ ಮುಖ್ಯಮಂತ್ರಿ ಉಪವಾಸ, ನಮ್ಮ ಹೆಸರಿನ ಫಲಕದ ಹಿಂದೆ ಜಿನೀವಾದಲ್ಲಿ ಕೂತವರು ನಿಷೇಧಕ್ಕೆ ಅಡ್ಡ. ವಾರದ ಕೊನೆಗೆ ಕೆಲವು ಬೆಳೆಗಳಿಗೆ ಐದು ವರ್ಷದ ವಿನಾಯಿತಿ ಇಟ್ಟು ಜಗತ್ತಿನಾದ್ಯಂತ ನಿಲ್ಲಿಸುವ ತೀರ್ಮಾನ ಆಯಿತು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ದೇಶದೊಳಗೆ ತಯಾರಿಕೆ, ಮಾರಾಟ, ಬಳಕೆ ಮೂರಕ್ಕೂ ತಡೆ ಕೊಟ್ಟಿತು.

ನಿಮ್ಮ ಪ್ರಶ್ನೆಗೆ ನನ್ನ ಮುಖ್ಯ ಉತ್ತರ ಇಲ್ಲೇ ಇದೆ. ಜಾಗತಿಕ ಸಭೆಯಲ್ಲಿ ಕುರ್ಚಿ ಇರುವುದು ಸರಕಾರಗಳಿಗೆ. ಆ ಕುರ್ಚಿಯಲ್ಲಿ ಕೂತವರು ಊರಿನ ಕೊನೆಯ ಮನೆಯ ಪರವಾಗಿ ಮಾತಾಡುತ್ತಾರೆ ಎಂಬ ಖಾತ್ರಿ ಇಲ್ಲ. ಹಾಗಾಗಿ "ಎಲ್ಲರಿಗೂ ಕುರ್ಚಿ ಕೊಡಿ" ಎಂಬ ಬೇಡಿಕೆ ಕೇಳಲು ಚಂದ, ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ದಾಟಿ ಹೋಗಲಾಗದ ಕಾಗದ ಮೇಜಿನ ಮೇಲೆ ಇರಬೇಕು. ಅದಕ್ಕೆ ಉತ್ತರ ಕೊಡಲೇಬೇಕು ಎಂಬ ನಿಯಮ ಇರಬೇಕು. ಪಡ್ರೆಯಿಂದ ಜಿನೀವಾಕ್ಕೆ ಯಾರಿಗೂ ಆಹ್ವಾನ ಹೋಗಿರಲಿಲ್ಲ. ದಾಖಲೆ ಹೋಗಿತ್ತು.

1992ರ ರಿಯೋ ಸಮ್ಮೇಳನದ ನಂತರ ವಿಶ್ವಸಂಸ್ಥೆ ಒಂಬತ್ತು ಗುಂಪುಗಳಿಗೆ ಮಾತಾಡಲು ದಾರಿ ಮಾಡಿತು. ಹೆಂಗಸರು, ಮಕ್ಕಳು ಮತ್ತು ಯುವಕರು, ಮೂಲನಿವಾಸಿಗಳು, ರೈತರು, ಕಾರ್ಮಿಕರು ಹೀಗೆ. ಒಳ್ಳೆಯದೇ. ಆದರೆ ಅಲ್ಲಿಗೆ ಹೋಗಲು ವೀಸಾ ಬೇಕು, ಟಿಕೆಟ್ ದುಡ್ಡು ಬೇಕು, ಆರು ಅಧಿಕೃತ ಭಾಷೆಗಳಲ್ಲಿ ಒಂದಾದರೂ ಬರಬೇಕು. ಬೀಡಿ ಕಟ್ಟುವ ಹೆಂಗಸಿನ ಬದಲು ಬೀಡಿ ಕಟ್ಟುವವರ ಬಗ್ಗೆ ಪ್ರಾಜೆಕ್ಟ್ ಬರೆದವರು ಹೋಗುತ್ತಾರೆ. ಇದಕ್ಕೆ ಪರಿಹಾರ ಅಂತ 2021ರಲ್ಲಿ ಒಂದು ಪ್ರಯೋಗ ನಡೆಯಿತು. ಗ್ಲಾಸ್ಗೋ ಹವಾಮಾನ ಸಮ್ಮೇಳನದ ಹೊತ್ತಿಗೆ ಜಗತ್ತಿನ ಜನಸಂಖ್ಯೆಯ ನಕ್ಷೆಯ ಮೇಲೆ ಚೀಟಿ ಎತ್ತಿ, 100 ಸಾಮಾನ್ಯ ಜನರನ್ನು ಆರಿಸಿ, ಆನ್‌ಲೈನ್‌ನಲ್ಲಿ ವಾರಗಟ್ಟಲೆ ಚರ್ಚೆ ಮಾಡಿಸಿದರು. ಅವರವರ ಭಾಷೆಯಲ್ಲೇ ಮಾತಾಡಲು ದುಭಾಷಿಗಳನ್ನು ಕೊಟ್ಟರು. ನನಗೆ ಬಹಳ ಇಷ್ಟವಾದ ಪ್ರಯೋಗ. ಆದರೆ ಅವರ ಘೋಷಣೆಗೆ ಉತ್ತರ ಕೊಡುವ ಬಾಧ್ಯತೆ ಯಾವ ಸರಕಾರಕ್ಕೂ ಇರಲಿಲ್ಲ. ಓದಿದರು, ಚಪ್ಪಾಳೆ ತಟ್ಟಿದರು, ಮುಗಿಯಿತು.

ಈಗ ಹುಟ್ಟದವರ ವಿಷಯ. ಅವರಿಂದ ದಾಖಲೆಯನ್ನೂ ಬರೆಸಲಾಗದು, ಅಲ್ವಾ? ಹಾಗಾದರೆ ಯಾರು ಬರೆಯಬೇಕು?

ಕೆಲವು ದೇಶಗಳು ಇದಕ್ಕೆ ಒಂದು ಕಚೇರಿಯನ್ನೇ ತೆರೆದವು. ಬ್ರಿಟನ್ನಿನ ವೇಲ್ಸ್ 2015ರಲ್ಲಿ ಮುಂದಿನ ಪೀಳಿಗೆಗಳ ಕಾಯಿದೆ ತಂದು ಒಬ್ಬ ಕಮಿಷನರ್ ನೇಮಿಸಿತು. ಇವರಿಗೆ ಯಾವ ಯೋಜನೆಯನ್ನೂ ತಡೆಯುವ ಅಧಿಕಾರ ಇಲ್ಲ. ಆದರೆ ಇವರು ಶಿಫಾರಸು ಮಾಡಿದರೆ ಸರಕಾರಿ ಸಂಸ್ಥೆ ಲಿಖಿತ ಉತ್ತರವನ್ನು ಪ್ರಕಟಿಸಬೇಕು. ಪಾಲಿಸುವುದಿಲ್ಲ ಎಂದಾದರೆ ಯಾಕೆ ಎಂದೂ ಹೇಳಬೇಕು. ನ್ಯೂಪೋರ್ಟ್ ನಗರದ ಸುತ್ತ 100 ಕೋಟಿ ಪೌಂಡಿಗೂ ಮಿಕ್ಕಿದ ಒಂದು ಹೆದ್ದಾರಿ ಯೋಜನೆ ಇತ್ತು. ಮೊದಲ ಕಮಿಷನರ್ ಸೋಫಿ ಹೋವ್ ಅದನ್ನು ಬಲವಾಗಿ ಪ್ರಶ್ನಿಸಿದರು. 2019ರಲ್ಲಿ ಸರಕಾರ ಅದನ್ನು ಕೈಬಿಟ್ಟಿತು. ಅವರೊಬ್ಬರಿಂದಲೇ ನಿಂತಿತು ಎನ್ನಲಾಗದು, ಖರ್ಚೂ ದೊಡ್ಡ ಕಾರಣ. ಆದರೂ ಮೂವತ್ತು ವರ್ಷದ ಆಚೆಗಿನ ಲೆಕ್ಕವನ್ನು ಸರಕಾರದ ಎದುರು ಇಡಲು ಸಂಬಳ ಪಡೆಯುವ ಒಬ್ಬರು ಇದ್ದರು.

ಹಲ್ಲು ಜಾಸ್ತಿ ಇದ್ದ ಕಚೇರಿಗಳ ಗತಿ ಬೇರೆ. ಇಸ್ರೇಲಿನ ಸಂಸತ್ತು 2001ರಲ್ಲಿ ಇಂಥದೊಂದು ಆಯೋಗ ಮಾಡಿತು. ಮಸೂದೆಗಳನ್ನು ಪರಿಶೀಲಿಸಲು ಸಮಯ ಕೇಳುವ ಅಧಿಕಾರ ಅದಕ್ಕಿತ್ತು, ಅಂದರೆ ತಡ ಮಾಡಿಸಬಹುದಿತ್ತು. ಐದು ವರ್ಷಕ್ಕೆ ಅದು ಕೊನೆಗೊಂಡಿತು. ಹಂಗೇರಿ 2008ರಲ್ಲಿ ಪ್ರತ್ಯೇಕ ಕಮಿಷನರನ್ನು ನೇಮಿಸಿ, 2012ರಲ್ಲಿ ಆ ಹುದ್ದೆಯನ್ನು ಇನ್ನೊಬ್ಬರ ಕೈಕೆಳಗಿನ ಉಪಹುದ್ದೆ ಮಾಡಿತು. ಮತ ಹಾಕುವವರು ಈಗಿನವರು, ಮತ ಕೇಳುವವರೂ ಈಗಿನವರು. ಇನ್ನೂ ಹುಟ್ಟದವರ ಪರವಾಗಿ ಕೆಲಸ ನಿಲ್ಲಿಸುವವರನ್ನು ಯಾವ ಸರಕಾರ ಬಹಳ ದಿನ ಸಹಿಸುತ್ತದೆ ಹೇಳಿ.

ಹಾಗಾಗಿ ನಾನು ಕಚೇರಿಗಳಿಗಿಂತ ಕೋರ್ಟುಗಳ ಕಡೆ ಹೆಚ್ಚು ನೋಡುತ್ತೇನೆ. 1993ರಲ್ಲಿ ಫಿಲಿಪ್ಪೀನ್ಸಿನ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಕಾಡು ಕಡಿಯುವ ಪರವಾನಗಿಗಳ ವಿರುದ್ಧ ಕೆಲವು ಮಕ್ಕಳು ದಾವೆ ಹೂಡಿದ್ದರು. ಅವರು ತಮ್ಮ ಪರವಾಗಿಯೂ, ಮುಂದೆ ಹುಟ್ಟುವವರ ಪರವಾಗಿಯೂ ಕೇಳಬಹುದು ಎಂದು ಕೋರ್ಟ್ ಒಪ್ಪಿತು. ನಮ್ಮ ಪಕ್ಕದ ಗೋವಾದ ಕಬ್ಬಿಣದ ಅದಿರಿನ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2014ರಲ್ಲಿ ಭಾಷಣ ಬಿಟ್ಟು ದುಡ್ಡಿನ ಲೆಕ್ಕಕ್ಕೆ ಬಂತು. ಅದಿರು ಒಮ್ಮೆ ಅಗೆದರೆ ಮುಗಿಯಿತು, ಮುಂದಿನವರಿಗೆ ಉಳಿಯುವುದಿಲ್ಲ. ಆದ್ದರಿಂದ ಮಾರಾಟದ ಹಣದ ಶೇ. 10ನ್ನು ಶಾಶ್ವತ ನಿಧಿಯಲ್ಲಿ ಇಡಿ ಎಂದು ಆದೇಶಿಸಿತು. ಹುಟ್ಟದವರಿಗೆ ಬ್ಯಾಂಕಿನಲ್ಲಿ ಖಾತೆ ತೆರೆದಂತೆ.

ಇದಕ್ಕಿಂತಲೂ ಮುಖ್ಯವಾದದ್ದು 1996ರ ವೆಲ್ಲೂರು ಪ್ರಕರಣ. ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಕೇಸು ಅದು. ಹಾನಿ ಆಗುತ್ತದೆ ಎಂದು ಊರವರು ಸಾಬೀತು ಮಾಡಬೇಕಾಗಿಲ್ಲ, ಹಾನಿ ಇಲ್ಲ ಎಂದು ಕಾರ್ಖಾನೆಯವರೇ ಸಾಬೀತು ಮಾಡಬೇಕು ಎಂದು ಕೋರ್ಟ್ ಹೇಳಿತು. ಪಡ್ರೆಯ ಜೊತೆ ಇಟ್ಟು ನೋಡಿ. ಅಲ್ಲಿ ಎಲ್ಲ ಕಾಯಿಲೆಗೂ ಎಂಡೋಸಲ್ಫಾನೇ ಕಾರಣವಾ ಎಂಬ ಬಗ್ಗೆ ವಿಜ್ಞಾನಿಗಳ ನಡುವೆ ವಾದ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಆ ವಾದ ನಡೆಯುವಷ್ಟು ದಿನವೂ ಮದ್ದು ಬಿಡಬೇಕಾ, ನಿಲ್ಲಿಸಬೇಕಾ? ಸಂಶಯದ ಲಾಭ ಯಾರಿಗೆ ಹೋಗಬೇಕು? ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಹೆಲಿಕಾಪ್ಟರಿಗೆ ಹೋಯಿತು. ಹುಟ್ಟದ ಮಗುವಿಗೆ ನಾವು ಕೊಡಬಹುದಾದ ಅತಿ ದೊಡ್ಡ ಪ್ರಾತಿನಿಧ್ಯ ಇದು ಎಂದು ನನ್ನ ಅಭಿಪ್ರಾಯ. ಸಾಬೀತು ಮಾಡುವ ಹೊರೆಯನ್ನು ಅದರ ತಾಯಿಯ ತಲೆಯಿಂದ ಇಳಿಸುವುದು.

ಜಾಗತಿಕ ಮಟ್ಟದಲ್ಲಿ ಇತ್ತೀಚಿನ ದೊಡ್ಡ ಹೆಜ್ಜೆ ಶುರುವಾದದ್ದು ನಿಮ್ಮಂಥ ವಿದ್ಯಾರ್ಥಿಗಳಿಂದಲೇ. ಪೆಸಿಫಿಕ್ ಸಾಗರದ ವನವಾಟು ಎಂಬ ಪುಟ್ಟ ದ್ವೀಪದೇಶದಲ್ಲಿ 2019ರಲ್ಲಿ 27 ಕಾನೂನು ವಿದ್ಯಾರ್ಥಿಗಳು ಒಂದು ಯೋಚನೆ ಮಾಡಿದರು. ಹವಾಮಾನ ಹಾಳಾಗುವುದಕ್ಕೆ ದೇಶಗಳ ಹೊಣೆ ಏನು ಎಂದು ಅಂತಾರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಿದರೆ ಹೇಗೆ? ಅವರು ಸರಕಾರದ ಬೆನ್ನು ಬಿದ್ದರು. ಸರಕಾರ ಬೇರೆ ದೇಶಗಳ ಬೆನ್ನು ಬಿದ್ದಿತು. 2023ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆ ಪ್ರಶ್ನೆಯನ್ನು ಕೋರ್ಟಿಗೆ ಕಳಿಸಿತು. 2025ರ ಜುಲೈ 23ರಂದು ಹೇಗ್‌ನಲ್ಲಿರುವ ಆ ಕೋರ್ಟಿನ ನ್ಯಾಯಾಧೀಶರು ಒಮ್ಮತದಿಂದ ಅಭಿಪ್ರಾಯ ಕೊಟ್ಟರು. ಹವಾಮಾನ ಕಾಪಾಡುವುದು ದೇಶಗಳ ಕಾನೂನಿನ ಕರ್ತವ್ಯ, ಆ ಕಾನೂನನ್ನು ಅರ್ಥ ಮಾಡುವಾಗ ಪೀಳಿಗೆಗಳ ನಡುವಿನ ನ್ಯಾಯವನ್ನೂ ಗಮನಿಸಬೇಕು ಎಂದರು. ಇದು ಸಲಹಾ ಅಭಿಪ್ರಾಯ, ಯಾವ ದೇಶವನ್ನೂ ಕಟ್ಟಿಹಾಕುವುದಿಲ್ಲ. ಆದರೆ ನಾಳೆ ಯಾವ ದೇಶದ ಯಾವ ಕೋರ್ಟಿನಲ್ಲಿ ಬೇಕಾದರೂ ವಕೀಲರು ಇದನ್ನು ತೆಗೆದು ಓದಬಹುದು. ಮತ್ತೆ ಅದೇ, ದಾಟಿ ಹೋಗಲಾಗದ ಕಾಗದ.

ನಿಮ್ಮ ಕ್ಲಾಸಿನಲ್ಲಿ ಹೇಳಿದ 2024ರ ಸೆಪ್ಟೆಂಬರಿನ ಘೋಷಣೆ ಅಷ್ಟು ಗಟ್ಟಿಯಲ್ಲ. ಭವಿಷ್ಯದ ಶೃಂಗಸಭೆಯಲ್ಲಿ ಒಪ್ಪಿದ ದೊಡ್ಡ ಒಡಂಬಡಿಕೆಗೆ ಅದು ಒಂದು ಅನುಬಂಧ. ಮಾತು ಒಳ್ಳೆಯದಿದೆ, ಪಾಲಿಸದಿದ್ದರೆ ಕೇಳುವವರಿಲ್ಲ. 2028ರಲ್ಲಿ ಶುರುವಾಗುವ ಮಹಾಸಭೆಯ ಅಧಿವೇಶನದಲ್ಲಿ ಎಷ್ಟು ಪಾಲಿಸಿದ್ದೇವೆ ಎಂದು ಕೂತು ನೋಡುತ್ತೇವೆ ಎಂದಿದ್ದಾರೆ. ನೋಡೋಣ.

ತೀರ್ಮಾನ ಬಂದ ಮೇಲೂ ಕತೆ ಮುಗಿಯುವುದಿಲ್ಲ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಬೇರೆ ಹೇಳಬೇಕಾ? ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು, ಮೂರು ತಿಂಗಳ ಗಡುವು ಇಟ್ಟಿತು. 2022ರ ಮೇಯಲ್ಲಿ ಕೋರ್ಟ್ ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ದುಡ್ಡು ಸಿಕ್ಕಿದ್ದು ಎಂಟು ಜನರಿಗೆ. ಕೋರ್ಟಿಗೆ ಮತ್ತೆ ಹೋದವರು ಆ ಎಂಟು ಜನ.

ಇನ್ನು ನಿಮ್ಮ ಅಮ್ಮನ ಅರ್ಜಿ. ಸಂವಿಧಾನದ 350ನೇ ವಿಧಿ ಪ್ರಕಾರ ಯಾರೇ ಆಗಲಿ, ತಮ್ಮ ಕಷ್ಟದ ಬಗ್ಗೆ ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸರಕಾರಿ ಅಧಿಕಾರಿಗೆ ಅರ್ಜಿ ಕೊಡಬಹುದು. ಕನ್ನಡದಲ್ಲಿದೆ ಎಂಬ ಕಾರಣಕ್ಕೆ ಬದಿಗಿಡುವಂತಿಲ್ಲ. ಇನ್ನೊಮ್ಮೆ ಕೊಡಿ, ಈ ವಿಧಿಯ ನಂಬರನ್ನು ಮೇಲೆಯೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತರಿಗಾಗಿ 350ಬಿ ವಿಧಿಯಲ್ಲಿ ಒಬ್ಬ ವಿಶೇಷ ಅಧಿಕಾರಿ ಇದ್ದಾರೆ, ಒಂದು ಪ್ರತಿ ಅವರಿಗೂ ಹೋಗಲಿ. ಮೊದಲ ಅರ್ಜಿ ಈಗ ಯಾವ ಮೇಜಿನಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಇದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ಕನ್ನಡದಲ್ಲಿ ಬರೆದದ್ದನ್ನು ಊರಿನ ಕಚೇರಿಯೇ ಓದದಿದ್ದರೆ ಅದು ತಿರುವನಂತಪುರಕ್ಕೆ ಹೋಗುವುದಿಲ್ಲ, ದೆಹಲಿಗೂ ಹೋಗುವುದಿಲ್ಲ. ಮತ್ತೆ ಜಿನೀವಾದ ಮಾತೆಲ್ಲಿ?

ಗ್ರಾಮಸಭೆಯನ್ನೂ ಬಿಡಬೇಡಿ. ಕೇರಳದಲ್ಲಿ ಅದು ವಾರ್ಡ್ ಮಟ್ಟದಲ್ಲಿದೆ, ಮೂರು ತಿಂಗಳಿಗೊಮ್ಮೆ ಸೇರಬೇಕು, ಮತದಾರರಲ್ಲಿ ಶೇ. 10 ಮಂದಿ ಇರಬೇಕು. ಹೆಚ್ಚಿನ ಕಡೆ ಫಲಾನುಭವಿ ಪಟ್ಟಿ ಓದಿ, ಸಹಿ ಹಾಕಿ, ಚಹಾ ಕುಡಿದು ಏಳುತ್ತಾರೆ. ಆದರೆ ಗ್ರಾಮಸಭೆಗೆ ಎಷ್ಟು ಬಲ ಇದೆ ಎಂದು ಒಡಿಶಾದ ನಿಯಮಗಿರಿಯಲ್ಲಿ ಕಂಡಿತು. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಡೊಂಗ್ರಿಯ ಕೊಂಧ ಬುಡಕಟ್ಟಿನವರ ಬೆಟ್ಟದ 12 ಗ್ರಾಮಸಭೆಗಳು ಸೇರಿದವು. ಹನ್ನೆರಡೂ ಬಾಕ್ಸೈಟ್ ಗಣಿ ಬೇಡ ಎಂದವು. ಗಣಿ ನಿಂತಿತು. ಅಲ್ಲಿ ಅರಣ್ಯ ಹಕ್ಕು ಕಾಯಿದೆಯ ಬೆಂಬಲ ಇತ್ತು ನಿಜ, ಪ್ರತಿ ವಾರ್ಡಿಗೂ ಅಷ್ಟು ಬಲ ಬರುವುದಿಲ್ಲ. ಆದರೂ ನಡಾವಳಿ ಪುಸ್ತಕದಲ್ಲಿ ಬರೆಸಿದ್ದಕ್ಕೆ ಬೆಲೆ ಇದೆ.

ಸಭೆಗೆ ಯಾರು ಬಂದಿಲ್ಲ ಎಂದೂ ನೋಡಿ. ನಮ್ಮಲ್ಲಿ ಕೊರಗರ ಮನೆಗಳಿಂದ ಎಷ್ಟು ಜನ ಬರುತ್ತಾರೆ? ಬಂದರೂ ಹಿಂದಿನ ಸಾಲಿನಲ್ಲಿ ನಿಂತೇ ಇರುತ್ತಾರಾ? ಕನ್ನಡದ ಅರ್ಜಿಗೆ ಉತ್ತರ ಇಲ್ಲ ಎಂದು ಬೇಸರ ಪಡುವ ನಾವು ಅವರ ಮಾತಿಗೆ ಎಷ್ಟು ಉತ್ತರ ಕೊಟ್ಟಿದ್ದೇವೆ? ಈ ಪ್ರಶ್ನೆ ನಿಮಗೊಬ್ಬರಿಗಲ್ಲ, ನನಗೂ ಸೇರಿ.

ನೀವು ಕೈಗೆತ್ತಿಕೊಳ್ಳಬಹುದಾದ ಒಂದು ಕೆಲಸ ಹೇಳುತ್ತೇನೆ. 2002ರ ಜೀವವೈವಿಧ್ಯ ಕಾಯಿದೆಯಲ್ಲಿ ಪ್ರತಿ ಪಂಚಾಯತಿಗೆ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ನಿಮ್ಮ ಪಂಚಾಯತಿನದನ್ನು ಕೇಳಿ ಓದಿ. ನಿಮ್ಮ ವಾರ್ಡಿನ ಸುರಂಗಗಳು ಅದರಲ್ಲಿವೆಯಾ? ಯಾವುದರಲ್ಲಿ ಮೇ ತಿಂಗಳಲ್ಲೂ ನೀರಿರುತ್ತದೆ, ಯಾವುದು ಬತ್ತಿದೆ, ಯಾವುದರ ಮೇಲಿನ ಗುಡ್ಡ ಜೆಸಿಬಿಗೆ ಹೋಗಿದೆ? ಹೆಂಗಸರ ಸ್ವಸಹಾಯ ಸಂಘಟನೆ ಕುಟುಂಬಶ್ರೀಯ ಬಾಲಸಭೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಬರೆಸಿ. ಸುರಂಗ ತೋಡಿದ ಅಜ್ಜಂದಿರು ಇನ್ನೂ ಕೆಲವರು ಇದ್ದಾರೆ, ಅವರ ಮಾತನ್ನು ಅವರದೇ ತುಳುವಿನಲ್ಲೋ ಕನ್ನಡದಲ್ಲೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಗ್ರಾಮಸಭೆಯಲ್ಲಿ ಇಟ್ಟು ದಾಖಲೆಗೆ ಸೇರಿಸಲು ಕೇಳಿ. ಸೇರಿಸುವುದಿಲ್ಲ ಎಂದರೆ ಯಾಕೆ ಎಂದು ನಡಾವಳಿಯಲ್ಲಿ ಬರೆಸಿ, ನಕಲು ತೆಗೆದುಕೊಳ್ಳಿ. ಮುಂದೆ ಆ ಗುಡ್ಡದಲ್ಲಿ ಕ್ವಾರಿಗೋ ಬೇರೆ ಯಾವುದಕ್ಕೋ ಅರ್ಜಿ ಬಂದರೆ ಮೊದಲು ಬೇಕಾಗುವುದು ಅದೇ ನಕಲು.